ಲಂಚ ಕೇಳಿದವರು ಸಿಕ್ಕಿಬಿದ್ದ ಮೇಲೆ ಅರ್ಜಿದಾರರ ಗತಿ?

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಚಿಕ್ಕಬಳ್ಳಾಪುರ ಜಿಲ್ಲಾ ಪುಟಗಳಲ್ಲಿ ‘ಲೋಕಾಯುಕ್ತ ಬಲೆಗೆ’ ಎಂಬ ತಲೆಬರಹ ಆಗಾಗ ಕಾಣಿಸುತ್ತದೆ. ಪುಡಿ ಸವರಿದ ನೋಟು ಮುಟ್ಟಿದ ಬೆರಳುಗಳನ್ನು ದ್ರಾವಣದಲ್ಲಿ ಅದ್ದಿದಾಗ ಅದು ಗುಲಾಬಿ ಬಣ್ಣಕ್ಕೆ ತಿರುಗಿತು, ಪಂಚನಾಮೆ ಆಯಿತು, ನೌಕರನ ಬಂಧನವಾಯಿತು ಎಂಬಲ್ಲಿಗೆ ಸುದ್ದಿ ಮುಗಿಯುತ್ತದೆ. ದೂರು ಕೊಟ್ಟವರ ಕೆಲಸ ಆಯಿತೇ ಎಂದು ಆಮೇಲೆ ಯಾರೂ ಕೇಳುವುದಿಲ್ಲ.

ಬಾಗೇಪಲ್ಲಿ ಕಡೆಯ ಹಳ್ಳಿಯೊಂದರ, ನನಗೆ ಪರಿಚಯವಿರುವ ವಿಧವೆಯೊಬ್ಬರು ಪೌತಿ ಖಾತೆಗೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸಲು) ಲಂಚ ಕೇಳಿದ್ದಕ್ಕೆ ದೂರು ಕೊಟ್ಟರು. ಕಡತವನ್ನು ಸಾಕ್ಷ್ಯವೆಂದು ಜಪ್ತಿ ಮಾಡಲಾಯಿತು. ಈಗ ಕಚೇರಿಗೆ ಹೋದರೆ, ‘ಫೈಲು ಲೋಕಾಯುಕ್ತದವರ ಹತ್ತಿರ ಇದೆಯಲ್ಲಮ್ಮಾ’ ಎಂಬ ಉತ್ತರ. ಪಹಣಿ ಇನ್ನೂ ತೀರಿಹೋದ ಗಂಡನ ಹೆಸರಿನಲ್ಲೇ ಇರುವುದರಿಂದ ಬೆಳೆಸಾಲವೂ ಇಲ್ಲ, ಬೆಳೆನಷ್ಟದ ಪರಿಹಾರವೂ ಇಲ್ಲ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ ಹೇಳುವ ಸಮಾನತೆ ಮತ್ತು ಘನತೆಯ ಹಕ್ಕಿಗೆ ಇದಕ್ಕಿಂತ ನೇರವಾದ ಪೆಟ್ಟು ಬೇಕೇ? ಭ್ರಷ್ಟಾಚಾರ ಪ್ರಕರಣದಲ್ಲಿ ಅವರು ಒಬ್ಬ ಸಾಕ್ಷಿ, ಅಷ್ಟೆ. ಆ ಮೊಕದ್ದಮೆ ಮುಗಿಯಲಿ ಎಂದು ಕಾದರೆ ಇತ್ತ ಮಾನವ ಹಕ್ಕುಗಳ ಆಯೋಗದ ಬಾಗಿಲೂ ಮುಚ್ಚುತ್ತದೆ. ಘಟನೆ ನಡೆದು ಒಂದು ವರ್ಷ ಕಳೆದರೆ ಆಯೋಗ ವಿಚಾರಣೆ ನಡೆಸುವಂತಿಲ್ಲ.

ಹೊಸ ಕಾನೂನೇನೂ ಬೇಕಿಲ್ಲ. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯಲ್ಲಿ ನೌಕರನ ಮೇಲಿನ ಆಪಾದನೆಯ ಜೊತೆಗೆ, ದುರಾಡಳಿತದಿಂದ ಅನ್ಯಾಯಕ್ಕೊಳಗಾದವರ ಕುಂದುಕೊರತೆಗೂ ಜಾಗವಿದೆ. ಅದನ್ನು ಸರಿಪಡಿಸುವಂತೆ ಶಿಫಾರಸು ಮಾಡುವ ಅಧಿಕಾರವೂ ಇದೆ. 2022ರಲ್ಲಿ ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ರದ್ದುಪಡಿಸಿ ತನಿಖೆಯ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿದ ಮೇಲೆ, ಎರಡೂ ಕೆಲಸಗಳು ಒಂದೇ ಸೂರಿನಡಿ ಇವೆ.

ಆದ್ದರಿಂದ ಲಂಚದ ಪ್ರಕರಣ ದಾಖಲಾದ ಕೂಡಲೇ ಜಪ್ತಿಯಾದ ಕಡತದ ದೃಢೀಕೃತ ನಕಲನ್ನು ತಹಶೀಲ್ದಾರರಿಗೆ ಕೊಟ್ಟು, ಬಾಕಿ ಉಳಿದ ಕೆಲಸವನ್ನು ಬೇರೊಬ್ಬ ಅಧಿಕಾರಿಯಿಂದ ಗಡುವಿನೊಳಗೆ ಮುಗಿಸುವಂತೆ ಜಿಲ್ಲಾಧಿಕಾರಿಗಳು ಸುತ್ತೋಲೆ ಹೊರಡಿಸಬೇಕು. ಎಫ್‌ಐಆರ್‌ನ ಪ್ರತಿಯೊಂದನ್ನು ಮಾನವ ಹಕ್ಕುಗಳ ಆಯೋಗಕ್ಕೂ ಕಳುಹಿಸುವ ಪದ್ಧತಿಯನ್ನು ಲೋಕಾಯುಕ್ತ ಪೊಲೀಸರು ಇದೇ ಜಿಲ್ಲೆಯಿಂದ ಆರಂಭಿಸಲಿ.

– ಓದುಗ, ಚಿಂತಾಮಣಿ