ಆಯಿ ಅರ್ಧಕ್ಕೆ ಬಿಟ್ಟ ಕಥೆ

ಮಿಡಲ್ಸ್‌ಬರೋ, ಇಂಗ್ಲೆಂಡ್
ಭಾನುವಾರ ರಾತ್ರಿ

ಅವ್ವಾ,

ಎಲ್ಲರೂ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ. ನಾನೂ ಆರಾಮ. ನೈಟ್ ಡ್ಯೂಟಿ ಶುಕ್ರವಾರ ಮುಗಿಯಿತು, ಮಂಗಳವಾರದ ತನಕ ರಜೆ. ನೀನು ಕಳಿಸಿದ ಶೇಂಗಾ ಚಟ್ನಿ ಇನ್ನೂ ಅರ್ಧ ಡಬ್ಬಿ ಇದೆ. ರೊಟ್ಟಿ ಖಾಲಿಯಾಗಿ ವಾರವಾಯಿತು.

ಹೋದ ವಾರ ಫೋನಿನಲ್ಲಿ ನೀನು ಕೇಳಿದೆಯಲ್ಲ, "ಬರಿಯೋದಾದ್ರ ಬರಿ, ಆದ್ರ ಆ ದೆವ್ವದ ಕಥೀನ ಯಾಕ? ಬ್ಯಾರೆ ಏನೂ ಸಿಗಲಿಲ್ಲೇನು?" ಅಂತ. ನನಗೆ ಆಗ ಉತ್ತರ ಹೊಳೆಯಲಿಲ್ಲ. ಸಿಟ್ಟಿನಿಂದ ಕೇಳಿದ್ದಲ್ಲ ಅಂತ ಗೊತ್ತು. ಆದರೂ ಅವತ್ತಿನಿಂದ ಅದೇ ಮಾತು ತಲೆಯಲ್ಲಿದೆ. ನಿನ್ನೆ ಒಂದು ಊರಿಗೆ ಹೋಗಿ ಬಂದೆ, ಅಲ್ಲಿ ಉತ್ತರ ಸಿಕ್ಕಿತು ಅನ್ನಿಸಿತು. ಅದಕ್ಕೇ ಈ ಪತ್ರ.

ಊರಿನ ಹೆಸರು ವಿಟ್ಬಿ. ಇಲ್ಲಿಂದ ಸಣ್ಣ ರೈಲಿನಲ್ಲಿ ಒಂದೂವರೆ ತಾಸು. ಸಮುದ್ರದ ದಂಡೆಯ ಊರು, ಒಣಗಿಸಿ ಹೊಗೆ ಹಾಕಿದ ಮೀನಿನ ವಾಸನೆ, ಮೇಲೆಲ್ಲ ಕಡಲಹಕ್ಕಿಗಳ ಕೂಗು. ಒಂದು ಕಡೆ ದಿಬ್ಬದ ಮೇಲೆ ಹಳೇ ಚರ್ಚು, ಅದರ ಹಿಂದೆ ಪಾಳುಬಿದ್ದ ದೊಡ್ಡ ಮಠ. ಮೇಲೆ ಹೋಗೋಕೆ 199 ಮೆಟ್ಟಿಲು. ಅಪ್ಪಾಜಿ ಜೊತೆ ಬೆಳಗ್ಗೆ ನೃಪತುಂಗ ಬೆಟ್ಟ ಹತ್ತುತ್ತಿದ್ದ ಕಾಲು ಇವು, ಅಲ್ವಾ, ಎಲ್ಲೂ ಕೂರದೆ ಹತ್ತಿದೆ. ಮೇಲೆ ಚರ್ಚಿನ ಸುತ್ತ ಗೋರಿಗಳು. ಒಂದು ಗೋರಿಯ ಕಲ್ಲಿನ ಮೇಲೆ ಬೆರಳಾಡಿಸಿದೆ. ಉಪ್ಪುಗಾಳಿ ಅಕ್ಷರಗಳನ್ನೆಲ್ಲ ತಿಂದುಬಿಟ್ಟಿದೆ. ಹೆಸರು ಇದ್ದ ಜಾಗದಲ್ಲಿ ಜೇನುಗೂಡಿನ ಹಾಗೆ ಬರೀ ತೂತು. ಯಾರು ಮಲಗಿದ್ದಾರೆ ಅಂತ ಗೊತ್ತಾಗೋದಿಲ್ಲ. ಯಾರೋ ಮಲಗಿದ್ದಾರೆ ಅನ್ನೋದು ಮಾತ್ರ ಗೊತ್ತಾಗುತ್ತದೆ.

1890ರ ಬೇಸಿಗೆಯಲ್ಲಿ ಬ್ರಾಮ್ ಸ್ಟೋಕರ್ ಅನ್ನುವವನು ಇದೇ ಊರಲ್ಲಿ ಕೆಲವು ವಾರ ಬಾಡಿಗೆ ಕೋಣೆ ಹಿಡಿದು ಇದ್ದ. ಡ್ರಾಕುಲಾ ಬರೆದವನು ಅವನೇ. ಕೋರೆಹಲ್ಲು, ಕರೀ ನಿಲುವಂಗಿ, ರಕ್ತ ಹೀರುವವನು, ಟಿವಿಯಲ್ಲಿ ಬಂದರೆ ತಮ್ಮ ಚಾದರ ಮುಸುಕು ಹಾಕಿಕೊಳ್ಳುತ್ತಿದ್ದನಲ್ಲ, ಅದೇ. ಆ ಹೆಸರು ಅವನಿಗೆ ಸಿಕ್ಕಿದ್ದೂ ವಿಟ್ಬಿಯ ಲೈಬ್ರರಿಯ ಒಂದು ಹಳೇ ಪುಸ್ತಕದಲ್ಲಿ. ಇಲ್ಲಿನ ಗೋರಿಗಳ ಮೇಲಿನ ಹೆಸರು ಬರೆದುಕೊಂಡ, ಕೆಲವು ವರ್ಷದ ಹಿಂದೆ, 1885ರಲ್ಲಿ, ಇಲ್ಲೇ ಮರಳಿಗೆ ಬಂದು ಬಡಿದ ರಷ್ಯಾದ ಹಡಗಿನ ಕಥೆಯನ್ನು ಕಡಲ ಕಾವಲಿನವರ ಹತ್ತಿರ ಕೇಳಿ ತಿಳಿದುಕೊಂಡ, ಎಲ್ಲವನ್ನೂ ಪುಸ್ತಕದೊಳಗೆ ಸೇರಿಸಿದ. ಈಗಲೂ ಜನ ಚರ್ಚಿಗೆ ಬಂದು ಡ್ರಾಕುಲಾನ ಗೋರಿ ಎಲ್ಲಿದೆ ಅಂತ ಕೇಳುತ್ತಾರೆ. ಹಾಗೆ ಕೇಳಬೇಡಿ, ಅಂಥ ಗೋರಿ ಇಲ್ಲ ಅಂತ ಚರ್ಚಿನವರು ಬೋರ್ಡು ಹಾಕಬೇಕಾಯಿತು.

ಆದರೆ ನನ್ನನ್ನು ಹಿಡಿದಿದ್ದು ಇದ್ಯಾವುದೂ ಅಲ್ಲ ಅವ್ವಾ. ಹಿಡಿದಿದ್ದು ಅವನ ತಾಯಿಯ ಕಥೆ.

ಸ್ಟೋಕರ್ ಹುಟ್ಟಿದ್ದು 1847ರಲ್ಲಿ, ಐರ್ಲೆಂಡಿನ ಡಬ್ಲಿನ್ ಹತ್ತಿರ. ಏಳು ಮಕ್ಕಳಲ್ಲಿ ಮೂರನೆಯವನು. ಹುಟ್ಟಿದಾಗಿನಿಂದ ಏಳು ವರ್ಷದ ತನಕ ಹಾಸಿಗೆ ಬಿಟ್ಟು ಏಳಲಿಲ್ಲ. ರೋಗ ಯಾವುದು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅದೇ ಹುಡುಗ ಮುಂದೆ ಕಾಲೇಜಿನಲ್ಲಿ ದೊಡ್ಡ ಆಟಗಾರನಾದ. ಆದರೆ ಆ ಏಳು ವರ್ಷ ಮಲಗಿದಲ್ಲೇ ಇದ್ದ ಮಗನ ಪಕ್ಕ ಕೂತು ತಾಯಿ ಕಥೆ ಹೇಳುತ್ತಿದ್ದಳು. ಅವಳ ಹೆಸರು ಶಾರ್ಲೆಟ್. 1832ರಲ್ಲಿ ಅವಳ ಊರು ಸ್ಲೈಗೋಗೆ ಕಾಲರಾ ಬಂದಾಗ ಅವಳಿಗೆ ಹದಿನಾಲ್ಕು ವರ್ಷ. ಕಣ್ಣಾರೆ ಕಂಡದ್ದನ್ನೇ ಮಗನಿಗೆ ಹೇಳಿದಳು.

ಒಬ್ಬ ದೊಡ್ಡ ಆಳು, ಸೈನ್ಯದಲ್ಲಿ ಇದ್ದವನು, ಸತ್ತ ಅಂದುಕೊಂಡು ಪೆಟ್ಟಿಗೆಗೆ ಹಾಕೋಕೆ ಹೋದರೆ ಪೆಟ್ಟಿಗೆ ಸಾಲಲಿಲ್ಲ. ಕಾಲು ಮುರಿದು ಕೂರಿಸೋಣ ಅಂತ ಒಂದು ಏಟು ಹಾಕಿದರು. ಆ ಏಟಿಗೆ ಅವನು ಎಚ್ಚರಾಗಿ ಎದ್ದು ಕೂತ. ಇನ್ನೊಬ್ಬ ಹೆಂಡತಿಯನ್ನು ಹುಡುಕಿಕೊಂಡು ಆಸ್ಪತ್ರೆಗೆ ಬಂದ. ಸತ್ತಳು ಅಂದರು. ಹೆಣಗಳ ನಡುವೆ ಹುಡುಕಿದ, ಅವಳ ಕೆಂಪು ಕರವಸ್ತ್ರ ನೋಡಿ ಗುರುತು ಹಿಡಿದ. ಉಸಿರು ಇತ್ತು. ಹೊತ್ತುಕೊಂಡು ಮನೆಗೆ ಹೋದ, ಅವಳು ಬದುಕಿದಳು. ಊರಲ್ಲಿ ಲೂಟಿ ಶುರುವಾದಾಗ ಇವರ ಮನೆಯ ಕಿಂಡಿಯೊಳಗಿಂದ ಒಂದು ಕೈ ಒಳಗೆ ಬಂತಂತೆ. ಶಾರ್ಲೆಟ್ ಕೊಡಲಿ ತೆಗೆದುಕೊಂಡು ಆ ಕೈ ಕಡಿದಳು.

ಸಾಯದೆ ಸತ್ತವರು, ಸತ್ತೂ ಸಾಯದವರು. ಆ ಪುಸ್ತಕಕ್ಕೆ ಸ್ಟೋಕರ್ ಮೊದಲು ಇಟ್ಟಿದ್ದ ಹೆಸರೂ ಅದೇ ಅರ್ಥದ್ದು. ಎಲ್ಲಿಂದ ಬಂತು ನೋಡು. ದೊಡ್ಡವನಾದ ಮೇಲೆ ಅವನೇ ತಾಯಿಗೆ ಕೇಳಿಕೊಂಡ, ಅದನ್ನೆಲ್ಲ ಬರೆದುಕೊಡು ಅಂತ. ಅವಳು ಬರೆದುಕೊಟ್ಟಳು. ಆ ಬರಹ ಈಗಲೂ ಇದೆ.

ಉಳಿದ ಅವನ ಬದುಕು ಬೇರೆಯವರ ಚಾಕರಿಯಲ್ಲೇ ಕಳೆಯಿತು. ಮೊದಲು ಡಬ್ಲಿನ್‌ನಲ್ಲಿ ಸರಕಾರಿ ಗುಮಾಸ್ತ. ಅಲ್ಲೇ ಪುಕ್ಕಟೆಯಾಗಿ ಪೇಪರಿಗೆ ನಾಟಕದ ವಿಮರ್ಶೆ ಬರೆಯುತ್ತಿದ್ದ. ನಾಟಕ ಅಂದರೆ ಅವನಿಗೆ ಪ್ರಾಣ. 1878ರಿಂದ 27 ವರ್ಷ ಲಂಡನ್ನಿನಲ್ಲಿ ಹೆನ್ರಿ ಇರ್ವಿಂಗ್ ಅನ್ನುವ ದೊಡ್ಡ ನಟನ ಥಿಯೇಟರಿನ ಮ್ಯಾನೇಜರ್, ಲೆಕ್ಕ, ಪತ್ರ, ಪ್ರವಾಸ, ಎಲ್ಲ ಇವನದೇ. ಕಥೆ ಬರೆದದ್ದು ರಜೆಯಲ್ಲಿ. ಡ್ರಾಕುಲಾಕ್ಕೆ ಟಿಪ್ಪಣಿ ಮಾಡಿಕೊಳ್ಳೋಕೆ ಶುರು ಮಾಡಿದ್ದು 1890ರ ಮಾರ್ಚಿನಲ್ಲಿ, ಪುಸ್ತಕ ಹೊರಬಂದದ್ದು 1897ರ ಮೇನಲ್ಲಿ. ಏಳು ವರ್ಷ! ತಲೆಗೆ ಪೆಟ್ಟಾದರೆ ಏನಾಗುತ್ತದೆ ಅಂತ ಡಾಕ್ಟರ್ ಆಗಿದ್ದ ಅಣ್ಣನಿಂದ ಬರೆಸಿಕೊಂಡು ಇಟ್ಟುಕೊಂಡಿದ್ದ. ನೈಟ್ ಡ್ಯೂಟಿ ಮಾಡಿ ಬಂದು ಬರೆಯುವವಳಿಗೆ ಇಂಥವನ ಮೇಲೆ ಎಷ್ಟು ಪ್ರೀತಿ ಬರುತ್ತದೆ ಅಂತ ನಿನಗೆ ಹೇಳೋಕೆ ಆಗೋದಿಲ್ಲ.

ಇನ್ನೊಂದು ಹೇಳಲೇಬೇಕು. 1882ರಲ್ಲಿ ಥೇಮ್ಸ್ ನದಿಯಲ್ಲಿ ಬೋಟಿನಿಂದ ಒಬ್ಬ ಮುದುಕ ಸಾಯೋಕೆ ಹಾರಿದ. ಸ್ಟೋಕರ್ ಹಿಂದೆಯೇ ಹಾರಿ ಅವನನ್ನು ಎಳೆದು ತಂದ, ತನ್ನ ಮನೆಗೇ ಹೊತ್ತುಕೊಂಡು ಹೋಗಿ ಉಳಿಸೋಕೆ ನೋಡಿದರು. ಉಳಿಯಲಿಲ್ಲ. ಸ್ಟೋಕರ್‌ಗೆ ಪದಕ ಕೊಟ್ಟರು. ಹೆದರಿಸೋಕೆ ಬರೆಯುವವರು ಕಲ್ಲು ಮನಸ್ಸಿನವರು ಅಂತ ಅಪ್ಪಾಜಿ ಅಂದರೆ ಇದನ್ನು ಓದಿ ಹೇಳು.

ನನಗೆ ಆ ಪುಸ್ತಕದಲ್ಲಿ ಜಾಸ್ತಿ ಹೆದರಿಕೆಯಾಗಿದ್ದು ಎಲ್ಲಿ ಗೊತ್ತಾ? ಲೂಸಿ ಅನ್ನುವ ಹುಡುಗಿಯನ್ನು ಕಾಪಾಡೋಕೆ ಡಾಕ್ಟರ್ ಅವಳ ಕೊರಳಿಗೆ ಬಳ್ಳೊಳ್ಳಿ ಹೂವಿನ ಮಾಲೆ ಹಾಕಿರುತ್ತಾನೆ. ಹೌದು, ನಮ್ಮ ಬಳ್ಳೊಳ್ಳಿಯೇ. ಕಿಟಕಿ ಮುಚ್ಚಿಸಿರುತ್ತಾನೆ. ರಾತ್ರಿ ಅವಳ ತಾಯಿ ಬರುತ್ತಾಳೆ. ಪಾಪ, ಮಗಳಿಗೆ ಈ ವಾಸನೆಯಲ್ಲಿ ಉಸಿರು ಕಟ್ಟುತ್ತದೆ ಅಂತ ಹೂವು ತೆಗೆದು ಕಿಟಕಿ ತೆರೆದು ಹೋಗುತ್ತಾಳೆ. ಪ್ರೀತಿಯಿಂದಲೇ. ಕೋರೆಹಲ್ಲು ನನಗೆ ಏನೂ ಅನ್ನಿಸೋದಿಲ್ಲ. ವಾರ್ಡಿನಲ್ಲಿ ರಾತ್ರಿ ಎರಡು ಗಂಟೆಗೆ ಯಾವುದಾದರೂ ಕಿಟಕಿ ತೆರೆದಿದ್ದು ಕಂಡರೆ ಮಾತ್ರ ಆ ತಾಯಿ ನೆನಪಾಗುತ್ತಾಳೆ.

ಅದೇ ಪುಸ್ತಕದಲ್ಲಿ ಇನ್ನೊಂದು ನಿಯಮ ಇದೆ. ಡ್ರಾಕುಲಾ ಕರೆಯದೆ ಮನೆಯೊಳಗೆ ಬರೋ ಹಾಗಿಲ್ಲ. ಮನೆಯವರು ಯಾರಾದರೂ ಒಮ್ಮೆ ಬಾ ಅಂದರೆ ಸಾಕು, ಆಮೇಲೆ ಬೇಕಾದಾಗ ಬರಬಹುದು. ನಾನು ಅದನ್ನು ಮೊದಲ ಸಲ ಓದಿದಾಗ ಮೈ ಜುಮ್ ಅಂತು. ನಮ್ಮ ಓಣಿಯ ಬಾಗಿಲುಗಳ ಮೇಲೆ ಸುಣ್ಣದಲ್ಲಿ "ನಾಳೆ ಬಾ" ಅಂತ ಬರೆದಿರುತ್ತಿದ್ದರಲ್ಲ! ಆಯಿ ಹೇಳುತ್ತಿದ್ದಳಲ್ಲ, "ರಾತ್ರಿ ಯಾರ್ ಕರದ್ರೂ ಮೂರ್ ಸಲ ಕರಿಯೋತನಕ ಓ ಅನಬ್ಯಾಡ್ರಿ, ದೆವ್ವ ಮೂರನೇ ಸಲ ಕರ್ಯಂಗಿಲ್ಲ" ಅಂತ.

ಈಗ ನಿನಗೆ ಹೇಳಬೇಕಾದ ಮಾತಿಗೆ ಬಂದೆ.

ನಾನು ಮೂರನೇ ಕ್ಲಾಸಿನಲ್ಲಿದ್ದೆ. ಕರೆಂಟ್ ಹೋಗಿತ್ತು. ನಾನು, ತಮ್ಮ, ಆಯಿ ಕಟ್ಟೆಯ ಮೇಲೆ. ಆಯಿ ಪ್ಲೇಗಿನ ಕಥೆ ಶುರು ಮಾಡಿದಳು. ಅವಳ ಅಜ್ಜಿ ಏಳೆಂಟು ವರ್ಷದ ಹುಡುಗಿ ಇದ್ದಾಗ ನಡೆದದ್ದು. ಲೆಕ್ಕ ಹಾಕಿದರೆ ಅದು 1898ರ ಆಚೆ ಈಚೆ. ಮುಂಬೈಗೆ 1896ರಲ್ಲಿ ಬಂದ ಪ್ಲೇಗು ನಮ್ಮ ಕಡೆಗೂ ಇಳಿದಿತ್ತು. ಡ್ರಾಕುಲಾ ಹೊರಬಂದ ವರ್ಷವೇ, 1897ರ ಜನವರಿಯಲ್ಲಿ, ಮುಂಬೈಯಲ್ಲಿ ಹಾಫ್‌ಕಿನ್ ಅನ್ನುವ ವಿಜ್ಞಾನಿ ತಾನು ಮಾಡಿದ ಪ್ಲೇಗಿನ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡ. ಮರುವರ್ಷ ನಮ್ಮ ಹುಬ್ಬಳ್ಳಿಯಲ್ಲೇ ಸಾವಿರಾರು ಜನರಿಗೆ ಆ ಲಸಿಕೆ ಹಾಕಿದರು. ನರ್ಸಿಂಗ್ ಓದುವಾಗ ಹುಬ್ಬಳ್ಳಿ ಅನ್ನುವ ಹೆಸರು ನೋಡಿ ಎದೆ ಧಸಕ್ ಅಂದಿತ್ತು.

ಆಯಿ ಹೇಳಿದ್ದು ಇಷ್ಟು. ಇಲಿ ಬಿದ್ದವು. ಓಣಿಗೆ ಓಣಿಯೇ ಮನೆಗೆ ಕೀಲಿ ಹಾಕಿ ಊರ ಹೊರಗೆ ಹೊಲದಲ್ಲಿ ಕಣಿಕೆಯ ಗುಡಿಸಲು ಹಾಕಿಕೊಂಡಿತು. ಆ ಹುಡುಗಿಯ ದೊಡ್ಡವ್ವನಿಗೆ ಜ್ವರ ಬಂದು ಗಂಟು ಕಾಣಿಸಿತ್ತು. ಉಸಿರು ನಿಂತಿತು ಅಂದುಕೊಂಡು, ಹೊರೋಕೆ ಜನ ಸಿಗದೆ, ಅವಳನ್ನು ಮನೆಯಲ್ಲೇ ಬಿಟ್ಟು ಬಂದರು. ಎರಡನೇ ರಾತ್ರಿ ಗುಡಿಸಲಿನ ತಟ್ಟಿಯ ಹೊರಗೆ ಆ ದೊಡ್ಡವ್ವನ ಧ್ವನಿ. ಆ ಹುಡುಗಿಯ ಹೆಸರು ಹಿಡಿದೇ ಕರೆದಳಂತೆ. ಒಳಗೆ ಎಲ್ಲರಿಗೂ ಎಚ್ಚರ. ಯಾರೂ ಉಸಿರೆತ್ತಲಿಲ್ಲ. ಇನ್ನೊಂದು ಸಲ ಕರೆದಳು. ಎಲ್ಲರೂ ಮೂರನೆಯದಕ್ಕೆ ಕಾಯುತ್ತಾ ಕೂತರು. ಮೂರನೇ ಸಲ ಕರೆಯಲಿಲ್ಲ.

ಅಷ್ಟರಲ್ಲಿ ಕರೆಂಟ್ ಬಂತು. ನೀನು ಒಳಗಿಂದ ಬಂದು, "ಹುಡುಗೂರ ಮುಂದ ಅದೆಲ್ಲ ಬ್ಯಾಡ ಅತ್ತಿ, ರಾತ್ರಿ ಬೆಚ್ಚಿ ಬೀಳತಾವ, ಉಣ್ಣಾಕ ಏಳ್ರಿ" ಅಂದೆ. ಆಯಿ ಎದ್ದುಬಿಟ್ಟಳು. ಆಮೇಲೆ ನಾನು ಎಷ್ಟು ಸಲ ಕೇಳಿದರೂ "ನಿಮ್ಮವ್ವ ಬೈತಾಳ" ಅಂದಳು.

ನಿನ್ನ ಮೇಲೆ ಸಿಟ್ಟಿಲ್ಲ ಅವ್ವಾ. ತಮ್ಮ ಆ ರಾತ್ರಿ ನಿಜವಾಗಲೂ ಬೆಚ್ಚಿಬಿದ್ದಿದ್ದ. ಆದರೆ ನೋಡು, ಈ ತನಕ ಹನ್ನೊಂದು ಕಥೆ ಬರೆದಿದ್ದೇನೆ. ಎಲ್ಲದರಲ್ಲೂ ಎಲ್ಲೋ ಒಂದು ಬಾಗಿಲಿದೆ, ಹೊರಗೆ ಯಾರೋ ಇದ್ದಾರೆ, ಒಳಗಿನವರು ಸುಮ್ಮನಿದ್ದಾರೆ. ಹೊರಗಿದ್ದದ್ದು ದೆವ್ವವೋ, ಜೀವ ಇದ್ದ ಹೆಂಗಸೋ? ಜ್ವರದಲ್ಲಿ ಒಬ್ಬಳೇ ಕತ್ತಲಲ್ಲಿ ಹೊಲದ ತನಕ ನಡೆದು ಬಂದು, ಮೂರನೇ ಸಲ ಕರೆಯೋಕೆ ಧ್ವನಿ ಬರಲಿಲ್ಲವೋ? ಬೇರೆ ಏನೂ ಸಿಗಲಿಲ್ಲವೇ ಅಂತ ಕೇಳಿದೆಯಲ್ಲ. ಇದು ಮುಗಿಯದೆ ಬೇರೆ ಸಿಗೋದಿಲ್ಲ ಅವ್ವಾ.

ಆಯಿಗೆ ಈಗ 83. ಹೋದ ತಿಂಗಳು ಫೋನಿನಲ್ಲಿ ನನ್ನನ್ನು ಚಿಗವ್ವನ ಹೆಸರಿಂದ ಕರೆದಳು. ಅದಕ್ಕೇ ಅವಸರ ಮಾಡುತ್ತಿದ್ದೇನೆ. ಮಧ್ಯಾಹ್ನ ಊಟ ಆಗಿ ಅವಳು ಅಡಿಕೆ ಎಲೆ ಹಾಕಿಕೊಂಡು ಕೂತಾಗ ನೀನೂ ಪಕ್ಕ ಕೂತುಕೊ. ತಮ್ಮನ ಮೊಬೈಲಿನಲ್ಲಿ ರೆಕಾರ್ಡ್ ಒತ್ತಿ ಮಂಚದ ಮೇಲೆ ಇಡು. ಕೈಯಲ್ಲಿ ಹಿಡಿದರೆ ಅವಳು ನಾಚಿಕೊಂಡು ಬೇರೆ ತರಹ ಮಾತಾಡುತ್ತಾಳೆ. ಫ್ಯಾನ್ ಬಂದ್ ಮಾಡು, ಸದ್ದು ಜಾಸ್ತಿ ಬರುತ್ತದೆ. ಅವಳು ತಪ್ಪು ಹೇಳಿದರೂ ತಿದ್ದಬೇಡ. ಸುಮ್ಮನಾದರೆ ನೀನೂ ಸುಮ್ಮನಿರು, ತಾನೇ ಮುಂದುವರಿಸುತ್ತಾಳೆ. ದೊಡ್ಡವ್ವನ ಹೆಸರು ಏನು ಅಂತ ಕೇಳು. ನನಗೆ ಅದೂ ಗೊತ್ತಿಲ್ಲ.

ಆಮೇಲೆ, ಬೆಳಗ್ಗೆ ತಟ್ಟಿ ಸರಿಸಿದಾಗ ಹೊರಗೆ ಏನಿತ್ತು ಅಂತ ಕೇಳು.

ನಿನ್ನ ಮಗಳು