ಸೂಜಿ ಮುಗಿಯಿತು, ಥ್ಯಾಂಕ್ಸ್ ಬಾಕಿ ಇತ್ತು

ಕೊನೆಯ ಇಂಜೆಕ್ಷನ್ ಆಯಿತು. ಕಾಲಿನಲ್ಲಿದ್ದ ರಕ್ತದ ಹೆಪ್ಪು ಕರಗಿದೆ ಅಂತ ಸ್ಕ್ಯಾನ್ ಹೇಳಿದೆ. ಆ ಕತೆ ನಿಮಗೆಲ್ಲ ಗೊತ್ತು, ಮತ್ತೆ ಕೊರೆಯಲ್ಲ. ಫೋನ್ ಮಾಡಿದವರು, ಮಗುವನ್ನು ನೋಡಿಕೊಂಡವರು, ಆಫೀಸಿನಲ್ಲಿ ನನ್ನ ಕೆಲಸ ಹೊತ್ತವರು, ಎಲ್ಲರಿಗೂ ಒಟ್ಟಿಗೆ ಒಂದು ದೊಡ್ಡ ನಮಸ್ಕಾರ. ಬೇಜಾರು ಮಾಡ್ಕೋಬೇಡಿ, ಉಳಿದದ್ದು ಒಬ್ಬರಿಗೇ ಸೇರಬೇಕು.

ಅವರು ನನ್ನ ಓರಗಿತ್ತಿ. ನಾನು ಕರೆಯುವುದು ಅಕ್ಕ ಅಂತ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಜಾತಿಯ ಇಂಜೆಕ್ಷನ್ ಹೊಟ್ಟೆಯ ಚರ್ಮದಡಿ ಕೊಡುತ್ತಾರೆ. ಚುಚ್ಚಿದಲ್ಲಿ ನೀಲಿಗಟ್ಟುವುದು ಮಾಮೂಲು. ಹೊಕ್ಕುಳಿನ ಹತ್ತಿರ ಬೇಡ, ದಿನಾ ಜಾಗ ಬದಲಿಸಿ, ಆಮೇಲೆ ಉಜ್ಜಬೇಡಿ ಅಂತ ನರ್ಸ್ ಹೇಳಿಕೊಟ್ಟಿದ್ದರು. ಅಕ್ಕ ಚಾಚೂ ತಪ್ಪದೆ ಹಾಗೇ ಮಾಡುತ್ತಿದ್ದರು. ನನ್ನದು ಕಣ್ಣು ಮುಚ್ಚಿಕೊಳ್ಳುವ ಕೆಲಸ ಮಾತ್ರ.

ಎರಡನೇ ವಾರದಲ್ಲಿ ಕೆಂಪು ದದ್ದು ಎದ್ದಿತು. ನೀಲಿ ಕಲೆ ಮುಟ್ಟಿದರೆ ನೋಯುತ್ತದೆ, ಅಷ್ಟೆ. ಇದು ಗಟ್ಟಿಯಾಗಿತ್ತು, ಬಿಸಿಯಾಗಿತ್ತು, ಜೀವ ಹೋಗುವಷ್ಟು ತುರಿಸುತ್ತಿತ್ತು. "ಸೂಜಿ ಅಂದ್ಮೇಲೆ ಅಷ್ಟು ಇದ್ದಿದ್ದೇ" ಅಂದವರೇ ಜಾಸ್ತಿ. ಅಕ್ಕ ಏನೂ ಅನ್ನಲಿಲ್ಲ. ಬಾಲ್ ಪೆನ್ ತಂದು ದದ್ದಿನ ಅಂಚಿಗೆ ಸುತ್ತಲೂ ಗೆರೆ ಎಳೆದರು. ಪಕ್ಕದಲ್ಲಿ ಟೈಮ್ ಬರೆದು ಫೋಟೋ ತೆಗೆದರು.

ರಾತ್ರಿ ಹೊತ್ತಿಗೆ ದದ್ದು ಆ ಗೆರೆ ದಾಟಿತ್ತು. ಹಿಂದೆ ಚುಚ್ಚಿದ್ದ ಜಾಗಗಳೂ ಎದ್ದಿದ್ದವು. ಆಸ್ಪತ್ರೆಗೆ ಹೋದೆವು. ಡ್ಯೂಟಿ ಡಾಕ್ಟರ್ ಎಲ್ಲಾದರೂ ಚರ್ಮ ಕಪ್ಪಾಗಿದೆಯಾ ಅಂತ ಮೊದಲು ನೋಡಿದರು. ಆಮೇಲೆ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣ) ಪರೀಕ್ಷೆಗೆ ರಕ್ತ ತೆಗೆದರು. ಅಪರೂಪಕ್ಕೆ ಕೆಲವರಿಗೆ ಹೆಪಾರಿನ್‌ನಿಂದಲೇ ಪ್ಲೇಟ್‌ಲೆಟ್ ಇಳಿಯುತ್ತದಂತೆ. ಆಗ ರಕ್ತ ಸೋರುವುದಕ್ಕಿಂತ ಹೊಸ ಹೆಪ್ಪು ಕಟ್ಟುವ ಭಯವೇ ದೊಡ್ಡದು. ಹೆಪ್ಪಿಗೆ ಅಂತ ಕೊಡುವ ಔಷಧಿಯೇ ಹೆಪ್ಪು ಕಟ್ಟಿಸುವುದು! ರಿಪೋರ್ಟ್ ಬರುವವರೆಗೆ ಮುಂದಿನ ಡೋಸ್ ಇಲ್ಲ ಅಂದರು.

"ಚುಚ್ಚಿದ್ರೂ ಸಾಯ್ತೀನಿ, ಚುಚ್ಚದಿದ್ರೂ ಸಾಯ್ತೀನಿ, ಅಲ್ವಾ ಅಕ್ಕ?" ಅಂದೆ.

ಏನೂ ಆಗಲ್ಲ ಬಿಡು ಅಂತ ಅವರು ಹೇಳಲಿಲ್ಲ. "ನಂಗೂ ಗೊತ್ತಿಲ್ಲ ಕಣೇ. ರಿಪೋರ್ಟ್ ಬರಲಿ. ನಾನಂತೂ ಇಲ್ಲೇ ಇರ್ತೀನಿ" ಅಂದರು. ಕೆರೆದುಕೊಳ್ಳಲು ಹೋದ ನನ್ನ ಎರಡೂ ಕೈ ಹಿಡಿದು ಕೂತರು. ಒದ್ದೆ ಬಟ್ಟೆ ಬೆಚ್ಚಗಾದಾಗಲೆಲ್ಲ ಎದ್ದು ಹೋಗಿ ಮತ್ತೆ ನೆನೆಸಿ ತಂದರು. ನಾನು ಮಗುವಿನ ಹೆಸರು ಹಿಡಿದು ಅತ್ತಾಗ ಅವರೂ ಅತ್ತರು. ಆಮೇಲೆ ಮೂಗು ಒರೆಸಿಕೊಂಡು, ಪೆನ್ ತೆಗೆದು, ಹೊಸ ಅಂಚಿಗೆ ಇನ್ನೊಂದು ಗೆರೆ ಎಳೆದರು.

ಪ್ಲೇಟ್‌ಲೆಟ್ ಇಳಿದಿರಲಿಲ್ಲ.

ಬೆಳಗ್ಗೆ ಬಂದ ಚರ್ಮದ ಡಾಕ್ಟರ್ ನನ್ನ ಹೊಟ್ಟೆಗಿಂತ ಅಕ್ಕನ ಫೋನನ್ನೇ ಜಾಸ್ತಿ ಹೊತ್ತು ನೋಡಿದರು. ತಡವಾಗಿ ಏಳುವ ಅಲರ್ಜಿ ಅಂದರು. ಒಂದು ಹೆಪಾರಿನ್‌ಗೆ ಹೀಗಾದವರಿಗೆ ಅದೇ ಜಾತಿಯ ಇನ್ನೊಂದಕ್ಕೂ ಆಗುವುದು ಸಾಮಾನ್ಯವಂತೆ. ಅದಕ್ಕೇ ಸುಮ್ನೆ ಬ್ರ್ಯಾಂಡ್ ಬದಲಿಸಲಿಲ್ಲ, ಹೆಪ್ಪು ತಡೆಯುವ ಬೇರೆ ಔಷಧಿ ಫಾಂಡಾಪರಿನಕ್ಸ್ ಕೊಟ್ಟರು. ಹೆಪಾರಿನ್ ತೆಗೆಯುವುದು ಹೆಚ್ಚಾಗಿ ಹಂದಿಯ ಕರುಳಿನಿಂದ, ಇದು ಪೂರ್ತಿ ಲ್ಯಾಬಿನಲ್ಲಿ ತಯಾರಾಗುವುದು. ಮುಲಾಮಿಗೆ ದದ್ದು ಇಳಿಯಿತು, ಹೊಸ ಸೂಜಿಗೆ ಏಳಲಿಲ್ಲ. ಆದರೂ ಅಕ್ಕ ಕೊನೆಯವರೆಗೆ ಗೆರೆ ಎಳೆಯುವುದನ್ನು ಬಿಡಲಿಲ್ಲ!

ಇಬ್ಬರು ಡಾಕ್ಟರಿಗೂ, ಆ ನರ್ಸಿಗೂ ಧನ್ಯವಾದ. ಸೂಜಿ ಕಂಡರೆ ತಲೆ ತಿರುಗುವ ನನ್ನ ಗಂಡನಿಗೂ, ದಿನಾ ಬಾಗಿಲಾಚೆ ನಿಂತು "ಆಯ್ತಾ?" ಅಂತ ಕೇಳಿದ್ದಕ್ಕೆ.

ಇನ್ನು ಮೇಲೆ ಎಲ್ಲೇ ಅಡ್ಮಿಟ್ ಆದರೂ ಹೆಪಾರಿನ್ ಅಲರ್ಜಿ ಅಂತ ಮೊದಲೇ ಹೇಳಬೇಕು. ಡ್ರಿಪ್ ಲೈನ್ ಕಟ್ಟಿಕೊಳ್ಳದಿರಲಿ ಅಂತಲೂ ಅದನ್ನು ಹಾಕುವುದುಂಟು. ನನಗೆ ಹೇಳಲು ಆಗದಿದ್ದರೆ ಅಂತ ಅಕ್ಕ ತಮ್ಮ ಪರ್ಸಿನಲ್ಲೂ ಒಂದು ಚೀಟಿ ಇಟ್ಟುಕೊಂಡಿದ್ದಾರೆ. ನೀವೂ ಫೋನಿನಲ್ಲಿ ನನ್ನ ಹೆಸರಿನ ಮುಂದೆ ಅದನ್ನು ಬರೆದಿಟ್ಟುಕೊಳ್ಳಿ.