ನಳ ಹೆಚ್ಚಾದಷ್ಟೂ ನೀರು ಪರೀಕ್ಷೆಗೆ ಹಣ ಬೇಕು

ಮಾನ್ಯ ಸಂಪಾದಕರೆ,

ಕುಡಿಯುವ ನೀರಿನ ಯೋಜನೆಗಳ ಬಗ್ಗೆ ಬರುವ ಸುದ್ದಿಗಳಲ್ಲಿ ಎಷ್ಟು ಮನೆಗೆ ನಳ ಕೂಡಿಸಿದರು, ಎಷ್ಟು ಕೋಟಿ ಖರ್ಚಾಯಿತು ಎಂಬ ಲೆಕ್ಕ ತಪ್ಪದೆ ಇರುತ್ತದೆ. ಆ ನಳದ ನೀರಿನ ಮೇಲೆ ನಿಗಾ ಇಡಲು ತೆಗೆದಿರಿಸಿದ ಹಣ ಎಷ್ಟು, ಅದು ವಿಜಯಪುರ ಜಿಲ್ಲೆಯ ಯಾವ ತಾಲ್ಲೂಕಿಗೆ ಯಾವ ಲೆಕ್ಕದಲ್ಲಿ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಹಂಚಿಕೆಯ ಸೂತ್ರದಲ್ಲೇ ಒಂದು ದೋಷ ಇರುವುದರಿಂದ ಇದನ್ನು ಬರೆಯುತ್ತಿದ್ದೇವೆ.

ಹಳ್ಳಿಯ ಮನೆ ಮನೆಗೆ ನಳದ ನೀರು ಕೊಡಲು 2019ರ ಆಗಸ್ಟ್ 15ರಂದು ಘೋಷಣೆಯಾದ ಕೇಂದ್ರದ ಜಲ ಜೀವನ್ ಮಿಷನ್‌ನ ಮಾರ್ಗಸೂಚಿ ಪ್ರಕಾರ, ವರ್ಷದ ಹಂಚಿಕೆಯಲ್ಲಿ ಶೇ 2ರವರೆಗೆ ನೀರಿನ ಗುಣಮಟ್ಟದ ಪರೀಕ್ಷೆ ಮತ್ತು ನಿಗಾಕ್ಕೆ ಬಳಸಬಹುದು. ಪ್ರಯೋಗಾಲಯದ ಉಪಕರಣ, ರಾಸಾಯನಿಕ, ಪರೀಕ್ಷಾ ಕಿಟ್, ಮಾದರಿ ಸಾಗಣೆ ಎಲ್ಲವೂ ಇದರೊಳಗೇ ಆಗಬೇಕು. ಹಿಂದಿನ ರಾಷ್ಟ್ರೀಯ ಗ್ರಾಮೀಣ ಕುಡಿಯುವ ನೀರು ಕಾರ್ಯಕ್ರಮದಲ್ಲಿ ಇದೇ ಬಾಬತ್ತಿಗೆ ಶೇ 3 ಇತ್ತು. ಪೈಪು, ಟಾಕಿ ಕಾಮಗಾರಿಗೆ ಕೇಂದ್ರ ಮತ್ತು ಕರ್ನಾಟಕ ಅರ್ಧಅರ್ಧ ಹಾಕಿದರೆ, ನಿಗಾಕ್ಕೆ ಕೇಂದ್ರದ ಪಾಲು 60, ರಾಜ್ಯದ್ದು 40.

‘ಶೇ 2ರವರೆಗೆ’ ಎಂಬುದು ಮೇಲ್ಮಿತಿ. ಇಷ್ಟನ್ನಾದರೂ ಕೊಡಲೇಬೇಕು ಎಂಬ ಕೆಳಮಿತಿ ಅದರಲ್ಲಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ ಈ ಹಣ ಕಾಮಗಾರಿಯ ಹಂಚಿಕೆಗೆ ಗಂಟು ಬಿದ್ದಿರುವುದು. ಪೈಪ್‌ಲೈನ್ ಕೆಲಸ ಮುಗಿಯುತ್ತ ಬಂದಂತೆ ಹಂಚಿಕೆ ಇಳಿಯುತ್ತದೆ, ಅದರ ಜೊತೆಗೆ ಪರೀಕ್ಷೆಯ ಪಾಲೂ ಇಳಿಯುತ್ತದೆ. ಆದರೆ ಪರೀಕ್ಷೆಯ ಕೆಲಸ ಹೆಚ್ಚುವುದೇ ನಳ ಬಂದ ಮೇಲೆ. ಮೊದಲು ಊರಿಗೆ ನಾಲ್ಕು ಬೋರ್‌ವೆಲ್ ನೋಡಿದರೆ ಸಾಕಿತ್ತು. ಈಗ ಓಣಿ ಓಣಿಯಲ್ಲಿ ಗಟಾರದ ಪಕ್ಕದಲ್ಲೇ ಪೈಪಿನ ಜೋಡಣೆಗಳಿವೆ. ನೀರು ಬಿಟ್ಟಾಗ ಪೈಪಿನೊಳಗೆ ಒತ್ತಡ ಇರುತ್ತದೆ. ನಿಲ್ಲಿಸಿದಾಗ ಒತ್ತಡ ಇಳಿದು, ಸಡಿಲವಾದ ಜೋಡಣೆಯಿಂದ ಪೈಪು ಗಟಾರದ ನೀರನ್ನು ಒಳಗೆಳೆದುಕೊಳ್ಳುತ್ತದೆ. ದಿನ ಬಿಟ್ಟು ದಿನ ನೀರು ಬಿಡುವ ಊರುಗಳಲ್ಲಿ ಅಪಾಯ ಇನ್ನೂ ಹೆಚ್ಚು. 2022ರ ಅಕ್ಟೋಬರ್‌ನಲ್ಲಿ ಪಕ್ಕದ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಮುದೇನೂರಿನಲ್ಲಿ ಕಲುಷಿತ ನೀರು ಕುಡಿದು ಜೀವಹಾನಿಯಾಯಿತು. 2025ರ ಕೇಂದ್ರ ಬಜೆಟ್ ಮಿಷನ್‌ನ ಅವಧಿಯನ್ನು 2028ರವರೆಗೆ ವಿಸ್ತರಿಸಿದೆ. ಅದರ ನಂತರವೂ ನಳದಲ್ಲಿ ನೀರು ಬರುತ್ತಲೇ ಇರುತ್ತದೆ, ಪರೀಕ್ಷೆಯ ಹಣ ಎಲ್ಲಿಂದ ಬರಬೇಕು?

ಇನ್ನು ಹಂಚಿಕೆಯ ಮಾನದಂಡ. ರಾಜ್ಯಗಳಿಗೆ ಹಣ ಹಂಚುವಾಗ ಗ್ರಾಮೀಣ ಜನಸಂಖ್ಯೆಗೆ 30, ಪರಿಶಿಷ್ಟ ಜಾತಿ–ಪಂಗಡದ ಗ್ರಾಮೀಣ ಜನಸಂಖ್ಯೆಗೆ 10, ಮರುಭೂಮಿ, ಬರಪೀಡಿತ ಮತ್ತು ಗುಡ್ಡಗಾಡು ಪ್ರದೇಶಕ್ಕೆ 30, ಕೊಡಬೇಕಾಗಿರುವ ನಳ ಸಂಪರ್ಕಗಳಿಗೆ 20 ಅಂಕ ಇದೆ. ರಾಸಾಯನಿಕ ಕಲುಷಿತ ನೀರು ಕುಡಿಯುವ ಜನವಸತಿಗಳಿಗೆ ಇರುವುದು ಕೇವಲ 10. ಆ 10 ಕೂಡ ಜಿಲ್ಲೆಯ ಒಳಗಿನ ಹಂಚಿಕೆಯಲ್ಲಿ ಕಾಣದೆ ಹೋದರೆ ನಮ್ಮಂಥ ಜಿಲ್ಲೆಗೆ ಅನ್ಯಾಯ. ಡೋಣಿ ನದಿ ದಂಡೆಯ ಉಪ್ಪುನೀರು, ತಿಪ್ಪೆಗುಂಡಿ ಪಕ್ಕದ ಬಾವಿಯ ನೈಟ್ರೇಟ್, ಆಳದ ಬೋರಿನ ಫ್ಲೋರೈಡ್ ಒಂದೇ ಬಗೆಯ ಸಮಸ್ಯೆಗಳಲ್ಲ. ನದಿ ನೀರಿನ ಬಹುಗ್ರಾಮ ಯೋಜನೆಯ ಹಳ್ಳಿಗೂ ಪೂರ್ತಿ ಬೋರ್‌ವೆಲ್ ನಂಬಿದ ಹಳ್ಳಿಗೂ ‘ಪಂಚಾಯಿತಿಗೊಂದು ಕಿಟ್’ ಎಂದು ಸಮನಾಗಿ ಹಂಚಿದರೆ ಕಾಗದದ ಮೇಲೆ ನ್ಯಾಯವಾಗಿ ಕಾಣುತ್ತದೆ. ನೀರು ಕುಡಿಯುವವರಿಗೆ ಅದರಿಂದ ನ್ಯಾಯ ಸಿಗುವುದಿಲ್ಲ.

ಒಂದು ಪಂಚಾಯಿತಿಯ ಲೆಕ್ಕ ಹಾಕೋಣ. ಪ್ರತಿ ಜಲಮೂಲಕ್ಕೆ ವರ್ಷಕ್ಕೊಮ್ಮೆ ರಾಸಾಯನಿಕ ಪರೀಕ್ಷೆ, ಮಳೆಗಾಲದ ಮೊದಲು ಮತ್ತು ನಂತರ ಎರಡು ಬಾರಿ ಜೀವಾಣು ಪರೀಕ್ಷೆ ಆಗಬೇಕು. 20 ಮೂಲಗಳಿದ್ದರೆ 20 ರಾಸಾಯನಿಕ, 40 ಜೀವಾಣು, ಒಟ್ಟು 60 ಪರೀಕ್ಷೆ. ಶಾಲೆ, ಅಂಗನವಾಡಿಯ ನಳಗಳು ಮತ್ತು ಕೆಟ್ಟ ಫಲಿತಾಂಶ ಬಂದ ಕಡೆಯ ಮರುಪರೀಕ್ಷೆ ಇದರ ಮೇಲೆ. ಬಾಟಲಿ, ರಾಸಾಯನಿಕಕ್ಕಿಂತ ಇಲ್ಲಿ ಕೈ ಕಚ್ಚುವುದು ಸಾಗಣೆ. ಜೀವಾಣು ಪರೀಕ್ಷೆಯ ನೀರನ್ನು ಕ್ರಿಮಿಶುದ್ಧ ಬಾಟಲಿಯಲ್ಲಿ, ಮೇಲೆ ಸ್ವಲ್ಪ ಜಾಗ ಬಿಟ್ಟು ಹಿಡಿದು, ಐಸ್ ಪೆಟ್ಟಿಗೆಯಲ್ಲಿಟ್ಟು, ಸಾಧ್ಯವಾದರೆ 6 ಗಂಟೆಯೊಳಗೆ, ಹೆಚ್ಚೆಂದರೆ 24 ಗಂಟೆಯೊಳಗೆ ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಹಚ್ಚಬೇಕು. ಬಾಟಲಿಯಲ್ಲಿ ಕ್ಲೋರಿನ್ ಅಡಗಿಸಲು ಸೋಡಿಯಂ ಥಯೋಸಲ್ಫೇಟ್ ಹಾಕಿರುತ್ತಾರೆ. ಅದನ್ನು ತೊಳೆದು ಹಿಡಿದರೆ ಪರೀಕ್ಷೆಯೇ ಕೆಟ್ಟಂತೆ. ವಾಹನಕ್ಕೆ ಹಣ ಇಲ್ಲದಾಗ ಮಾದರಿಗಳು ಪಂಚಾಯಿತಿ ಕಚೇರಿಯಲ್ಲಿ ಎರಡು ದಿನ ಕೂತು, ಬಿಸಿಲು ಉಂಡು, ಆಮೇಲೆ ಯಾರದೋ ಕೈಯಲ್ಲಿ ಹೋಗುತ್ತವೆ. ಅಂಥ ಫಲಿತಾಂಶವನ್ನು ನಂಬುವಂತಿಲ್ಲ. ಮೇ ಕೊನೆಯಲ್ಲಿ ಎಲ್ಲ ಪಂಚಾಯಿತಿಗಳ ಬಾಟಲಿ ಒಮ್ಮೆಲೇ ಬಂದರೆ ಪ್ರಯೋಗಾಲಯದಲ್ಲಿ ಜೀವಾಣು ಬೆಳೆಸಿ ನೋಡುವ ಇನ್‌ಕ್ಯುಬೇಟರ್‌ನಲ್ಲಿ ಜಾಗವೂ ಸಾಲದು. ಏಪ್ರಿಲ್‌ನಿಂದಲೇ ಮಾರ್ಗವಾರು ದಿನ ಗೊತ್ತು ಮಾಡಿ, ಚಡಚಣ, ತಾಳಿಕೋಟೆ ಕಡೆಯ ತುದಿ ಹಳ್ಳಿಗಳಿಗೆ ಸಾಗಣೆ ಹಣ ಹೆಚ್ಚಿಗೆ ಇಡಬೇಕು.

ಕಿಟ್ ಬಗ್ಗೆಯೂ ಒಂದು ಮಾತು. ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ತರಬೇತಿ ಕೊಡಬೇಕೆಂಬುದು ಒಳ್ಳೆಯ ಏರ್ಪಾಟು. ಆದರೆ ಕಿಟ್ ಮೊದಲ ಎಚ್ಚರಿಕೆ ಮಾತ್ರ ಕೊಡುತ್ತದೆ. ಜೀವಾಣು ಪರೀಕ್ಷೆಯ ಸೀಸೆಯಲ್ಲಿ ಗುರುತಿನವರೆಗೆ ನೀರು ತುಂಬಿಸಿ ಬೆಚ್ಚಗಿನ ಜಾಗದಲ್ಲಿಟ್ಟರೆ, 24ರಿಂದ 48 ಗಂಟೆಯಲ್ಲಿ ಕಪ್ಪಾದರೆ ನೀರು ಅನುಮಾನದ್ದು ಎಂದರ್ಥ. ಖಚಿತಪಡಿಸಲು ಪ್ರಯೋಗಾಲಯಕ್ಕೇ ಕಳಿಸಬೇಕು. ಒಂದು ಸೀಸೆ ಒಂದೇ ಪರೀಕ್ಷೆಗೆ, ಹಾಗಾಗಿ ಅದು ಬೇಗ ಖಾಲಿಯಾಗುತ್ತದೆ. ಕೇಂದ್ರದ ಹಣ ಕಂತಿನಲ್ಲಿ ಬರುತ್ತದೆ, ಮುಂದಿನ ಕಂತಿಗೆ ಕೈಯಲ್ಲಿರುವುದರ ಶೇ 80 ಖರ್ಚಾಗಿರಬೇಕು. ಕಾಮಗಾರಿ ಬಿಲ್ಲು ತಡವಾದರೆ ಸೀಸೆ ಕೊಳ್ಳುವುದೂ ತಡವಾಗುತ್ತದೆ. ಮಾರ್ಚ್ ಕೊನೆಗೆ ಗಡಿಬಿಡಿಯಲ್ಲಿ ಕೊಂಡ ರಾಸಾಯನಿಕ ಕಪಾಟಿನಲ್ಲೇ ಅವಧಿ ಮೀರುತ್ತದೆ. ಖರೀದಿಯನ್ನು ವರ್ಷಕ್ಕೆ ಎರಡಾಗಿ ಒಡೆದರೆ ಇದು ತಪ್ಪುತ್ತದೆ.

ಶುದ್ಧ ನೀರಿನ ಘಟಕದ ಎದುರು ಟಿಡಿಎಸ್ ಮೀಟರ್ ಅದ್ದಿ ‘ನೀರು ಚಲೋ ಐತಿ’ ಎನ್ನುವ ರೂಢಿ ಬೆಳೆದಿದೆ. ಆ ಮೀಟರ್ ಒಟ್ಟು ಲವಣ ಹೇಳುತ್ತದೆಯೇ ಹೊರತು ಫ್ಲೋರೈಡ್ ಎಷ್ಟು, ಜೀವಾಣು ಇವೆಯೇ ಎಂಬುದನ್ನು ಹೇಳುವುದಿಲ್ಲ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ. ನೈಟ್ರೇಟ್ 45 ಮೀರುವಂತೆಯೇ ಇಲ್ಲ. ಕುದಿಸಿದರೆ ಇವೆರಡೂ ಹೋಗುವುದಿಲ್ಲ, ನೀರು ಆವಿಯಾಗಿ ಪ್ರಮಾಣ ಇನ್ನಷ್ಟು ಏರುತ್ತದೆ.

ಹಾಗಾದರೆ ನಳ ಬಂದ ಮೇಲಿನ ಹಣ ಎಲ್ಲಿಂದ? 15ನೇ ಹಣಕಾಸು ಆಯೋಗ 2021–26ಕ್ಕೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ನಿರ್ಬಂಧಿತವಾಗಿತ್ತು: ಅರ್ಧ ನೈರ್ಮಲ್ಯಕ್ಕೆ, ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ಮರುಬಳಕೆಗೆ. ನೀರಿನ ಪಾಲು ಮೋಟರ್ ರಿವೈಂಡಿಂಗ್, ಪೈಪು ದುರಸ್ತಿಗೇ ಮುಗಿದರೆ ಪರೀಕ್ಷೆಗೆ ಏನೂ ಉಳಿಯದು. ಇಂಥ ಅನುದಾನದ ಕ್ರಿಯಾ ಯೋಜನೆಯಲ್ಲಿ ಪರೀಕ್ಷೆ, ಮಾದರಿ ಸಾಗಣೆ ಮತ್ತು ಕ್ಲೋರಿನೀಕರಣಕ್ಕೆ ಪ್ರತ್ಯೇಕ ಬಾಬತ್ತು ಕಡ್ಡಾಯವಾಗಬೇಕು. ಮೊತ್ತ ದೊಡ್ಡದೇನಲ್ಲ. 50,000 ಲೀಟರ್ ಟಾಕಿಗೆ ಲೀಟರಿಗೆ 1 ಮಿಲಿಗ್ರಾಂನಂತೆ ಕ್ಲೋರಿನ್ ಬೇಕಾದರೆ ಶೇ 25 ಸತ್ವದ ಬ್ಲೀಚಿಂಗ್ ಪುಡಿ 200 ಗ್ರಾಂ ಸಾಕು. ಚೀಲ ಬಿಚ್ಚಿಟ್ಟರೆ ಸತ್ವ ಹಾರಿಹೋಗುತ್ತದೆ, ಆಗ ಅದೇ 200 ಗ್ರಾಂ ಸಾಲದು. ಅದಕ್ಕೇ ಕೊನೆಯ ಮನೆಯ ನಳದಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ ಇದೆಯೇ ಎಂದು ನೀರಗಂಟಿ ನೋಡಿ ಪುಸ್ತಕದಲ್ಲಿ ಬರೆಯಬೇಕು.

ಜಿಲ್ಲಾ ಪಂಚಾಯಿತಿಯಿಂದ ನಾವು ಕೇಳುವುದು ಇಷ್ಟು: ನಿಗಾ ಹಣವನ್ನು ಜಲಮೂಲಗಳ ಸಂಖ್ಯೆ, ಕಳೆದ ಎರಡು ವರ್ಷಗಳಲ್ಲಿ ಕೆಟ್ಟ ಫಲಿತಾಂಶ ಬಂದ ಮೂಲಗಳು ಮತ್ತು ಪ್ರಯೋಗಾಲಯದ ದೂರ, ಈ ಮೂರರ ಮೇಲೆ ತಾಲ್ಲೂಕುಗಳಿಗೆ ಹಂಚಲಿ. ಎಷ್ಟು ಬಂತು, ಎಷ್ಟು ಪರೀಕ್ಷೆ ಆಯಿತು, ಕೆಟ್ಟ ಮೂಲಗಳಲ್ಲಿ ಎಷ್ಟಕ್ಕೆ ಮರುಪರೀಕ್ಷೆ ಆಯಿತು ಎಂಬುದನ್ನು ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಬರೆಸಲಿ. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಪಂಚಾಯಿತಿಯ ಲೆಕ್ಕವನ್ನು ಜನರೆದುರು ಪರಿಶೀಲಿಸುವ ಜಮಾಬಂದಿಯಲ್ಲಿ ಓಚರ್ ಜೊತೆ ಪರೀಕ್ಷಾ ವರದಿಗಳನ್ನೂ ಜನರ ಮುಂದಿಡಲಿ.

– ಗ್ರಾಮೀಣ ನೀರು ಪೂರೈಕೆ ಮತ್ತು ನೀರು ಪರೀಕ್ಷೆಯಲ್ಲಿ ಕೆಲಸ ಮಾಡಿದವರು, ವಿಜಯಪುರ